ಚಿತ್ರದಲ್ಲಿ ಅಕ್ಷರ ಹುಡುಕಿದರೆ ಮರೆವಿನ ಕಾಯಿಲೆ ಇಲ್ಲ ಎಂದರ್ಥವೇ? ಡಾ. ಆಲ್ಝೈಮರ್ ಕೇಳಿದ ಪ್ರಶ್ನೆಗಳ ಕಥೆ

ಇಂಗ್ಲಿಷಿನ ಓ ಅಕ್ಷರಗಳನ್ನು ಸಾಲುಸಾಲಾಗಿ ತುಂಬಿದ ಒಂದು ಚಿತ್ರ. ಅದರ ನಡುವೆ ಎಲ್ಲೋ ಒಂದು ಸಿ ಅಡಗಿದೆ. ಕೆಳಗೆ ಒಂಬತ್ತುಗಳ ರಾಶಿಯಲ್ಲಿ ಒಂದು ಆರು, ಅದರ ಕೆಳಗೆ ಎಂ ಅಕ್ಷರಗಳ ರಾಶಿಯಲ್ಲಿ ಒಂದು ಎನ್. ಮೂರನ್ನೂ ಹುಡುಕಿದರೆ ನಿಮ್ಮ ಮೆದುಳು ಗಟ್ಟಿಮುಟ್ಟಾಗಿದೆ, ಆಲ್ಝೈಮರ್ ಕಾಯಿಲೆ ನಿಮ್ಮ ಹತ್ತಿರ ಸುಳಿಯುವುದಿಲ್ಲ, ಈ ವರ್ಷ ನರರೋಗ ತಜ್ಞರ ಬಳಿ ಹೋಗುವ ಅಗತ್ಯವೇ ಇಲ್ಲ ಎಂಬ ಭರವಸೆ ಕೊನೆಯಲ್ಲಿ. ಇಮೇಲ್ ಕಾಲದಲ್ಲೇ ಹುಟ್ಟಿದ ಈ ಸಂದೇಶ ಈಗ ವಾಟ್ಸ್‌ಆ್ಯಪ್‌ನ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಸುತ್ತುತ್ತಿದೆ. ನಿಮಗೂ ಬಂದಿರಬಹುದು, ನೀವೂ ಇನ್ನೊಬ್ಬರಿಗೆ ಕಳಿಸಿರಬಹುದು.

ಉತ್ತರವನ್ನು ಮೊದಲೇ ಹೇಳಿಬಿಡೋಣ. ಈ ಚಿತ್ರದಿಂದ ಆಲ್ಝೈಮರ್ ಕಾಯಿಲೆ ಇದೆ ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು. ಒಂದೇ ತರಹದ ಆಕಾರಗಳ ನಡುವೆ ಬೇರೆಯದನ್ನು ಹುಡುಕಲು ಬೇಕಾಗಿರುವುದು ಕಣ್ಣು ಮತ್ತು ಸ್ವಲ್ಪ ಹೊತ್ತಿನ ಗಮನ. ಆಲ್ಝೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಬೇರೆ ಕಡೆ: ಈಗಷ್ಟೇ ಕೇಳಿದ, ನೋಡಿದ ಹೊಸ ಸಂಗತಿಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಗೆ. ಆದ್ದರಿಂದ ಕಾಯಿಲೆಯ ಆರಂಭದಲ್ಲಿರುವವರು ಮೂರೂ ಅಕ್ಷರಗಳನ್ನು ಪಟಪಟನೆ ತೋರಿಸಿಬಿಡಬಹುದು. ಕಣ್ಣಿಗೆ ಪೊರೆ ಬಂದಿರುವ, ಬುದ್ಧಿ ಚುರುಕಾಗಿಯೇ ಇರುವ ಅಜ್ಜಿಗೆ ಒಂದೂ ಕಾಣದೆ ಹೋಗಬಹುದು. ಇನ್ನು ಇಂಗ್ಲಿಷ್ ಅಕ್ಷರವನ್ನೇ ಕಲಿಯದವರ ಪಾಡು ಕೇಳುವುದೇ ಬೇಡ.

ಹಾಗಾದರೆ ನಿಜವಾದ ಪರೀಕ್ಷೆ ಹೇಗಿರುತ್ತದೆ? ಅದನ್ನು ತಿಳಿಯಲು ಒಳ್ಳೆಯ ದಾರಿ, ಆ ಫಾರ್ವರ್ಡ್‌ನಲ್ಲಿ ಯಾರ ಹೆಸರು ಇದೆಯೋ ಅವರ ಬದುಕನ್ನೇ ನೋಡುವುದು. ಆಲ್ಝೈಮರ್ ಎಂದರೆ ಕಾಯಿಲೆ ಎಂದು ಎಲ್ಲರಿಗೂ ಗೊತ್ತು. ಅದು ಒಬ್ಬ ವೈದ್ಯರ ಮನೆತನದ ಹೆಸರು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಕಿವಿಯ ಗುಗ್ಗೆಯಿಂದ ಮೆದುಳಿನವರೆಗೆ

ಅಲೋಯಿಸ್ ಆಲ್ಝೈಮರ್ ಹುಟ್ಟಿದ್ದು 1864ರ ಜೂನ್ 14ರಂದು, ಜರ್ಮನಿಯ ಬವೇರಿಯಾ ಪ್ರಾಂತ್ಯದಲ್ಲಿ ಮೈನ್ ನದಿಯ ದಂಡೆಯ ಮೇಲಿರುವ ಮಾರ್ಕ್ಟ್‌ಬ್ರೈಟ್ ಎಂಬ ಪುಟ್ಟ ಊರಿನಲ್ಲಿ. ತಂದೆ ನೋಟರಿ. ಬರ್ಲಿನ್, ಟ್ಯೂಬಿಂಗನ್, ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಗಳಲ್ಲಿ ವೈದ್ಯಕೀಯ ಓದಿದರು. ಅವರ ಡಾಕ್ಟರೇಟ್ ಪ್ರಬಂಧಕ್ಕೂ ಮೆದುಳಿಗೂ ಸಂಬಂಧವಿರಲಿಲ್ಲ. ಕಿವಿಯಲ್ಲಿ ಗುಗ್ಗೆ ತಯಾರಿಸುವ ಗ್ರಂಥಿಗಳ ಬಗ್ಗೆ ಬರೆದಿದ್ದರು. ಆದರೆ ಆ ಕೆಲಸ ಅವರನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿತು. ಮುಂದೆ ಬದುಕಿನುದ್ದಕ್ಕೂ ಅವರು ಅಲ್ಲಿಂದ ಏಳಲಿಲ್ಲ ಎಂದರೂ ನಡೆಯುತ್ತದೆ.

ವಿದ್ಯಾರ್ಥಿ ದಿನಗಳಲ್ಲಿ ತಮಾಷೆಯ ಮನುಷ್ಯ. ಆ ಕಾಲದ ಜರ್ಮನ್ ವಿದ್ಯಾರ್ಥಿ ಸಂಘಗಳಲ್ಲಿ ಕತ್ತಿವರಸೆ ಒಂದು ಗೀಳಾಗಿತ್ತು. ಅಂಥ ಒಂದು ಕಾಳಗದಲ್ಲಿ ಅವರ ಎಡಗೆನ್ನೆಗೆ ಗಾಯವಾಗಿ ಗುರುತು ಉಳಿದುಹೋಯಿತು. ಮುಂದೆ ಫೋಟೊ ತೆಗೆಸುವಾಗ ಬಲಗಡೆಯ ಮುಖ ಕಾಣುವಂತೆ ಕೂರುತ್ತಿದ್ದರಂತೆ.

1888ರ ಡಿಸೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಕೆಲಸಕ್ಕೆ ಸೇರಿದರು. ಕೋಟೆಯಂತಿದ್ದ ಆ ಕಟ್ಟಡವನ್ನು ಊರಿನವರು ಹುಚ್ಚರ ಅರಮನೆ ಎಂದು ಕರೆಯುತ್ತಿದ್ದರು. ನಿರ್ದೇಶಕರಾಗಿದ್ದ ಎಮಿಲ್ ಸಿಯೋಲಿ ಅವರಿಗೆ ರೋಗಿಗಳನ್ನು ಕಟ್ಟಿಹಾಕುವ ಪದ್ಧತಿ ಇಷ್ಟವಿರಲಿಲ್ಲ. ಕೋಪದಿಂದ ಚಡಪಡಿಸುವವರನ್ನು ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಕೂರಿಸಿ ಸಮಾಧಾನ ಮಾಡುವುದು, ಜೊತೆಗೆ ಕುಳಿತು ಮಾತನಾಡುವುದು ಅಲ್ಲಿನ ಕ್ರಮ. ಮಾತನಾಡುವುದು ಎಂಬುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮರುವರ್ಷ ಫ್ರಾಂಜ್ ನಿಸ್ಲ್ ಎಂಬ ಯುವ ವೈದ್ಯರು ಅದೇ ಆಸ್ಪತ್ರೆಗೆ ಬಂದರು. ನರಕೋಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣುವಂತೆ ಮಾಡುವ ವಿಧಾನ ಕಂಡುಹಿಡಿದವರು ಅವರು. ಇಂದಿಗೂ ಅದಕ್ಕೆ ಅವರದೇ ಹೆಸರು. ಇಬ್ಬರಿಗೂ ಗಾಢ ಸ್ನೇಹವಾಯಿತು. ಹಗಲು ರೋಗಿಗಳು, ರಾತ್ರಿ ಮೆದುಳಿನ ತೆಳು ಪದರಗಳು. ಹಗಲು ಕೇಳಿದ ಮಾತಿಗೂ ರಾತ್ರಿ ಗಾಜಿನ ಕೆಳಗೆ ಕಂಡದ್ದಕ್ಕೂ ಏನು ಸಂಬಂಧ ಎನ್ನುವುದೇ ಆಲ್ಝೈಮರ್ ಅವರ ಪ್ರಶ್ನೆ. ಆ ಕಾಲದ ಮಾನಸಿಕ ಆಸ್ಪತ್ರೆಗಳಲ್ಲಿ ಸಿಫಿಲಿಸ್ ಮೆದುಳಿಗೆ ಏರಿ ಬುದ್ಧಿಭ್ರಮಣೆಯಾದ ರೋಗಿಗಳು ಬಹಳ ಮಂದಿ ಇರುತ್ತಿದ್ದರು. ಅವರ ಮೆದುಳಿಗೂ ಬೇರೆ ಕಾರಣದಿಂದ ಬುದ್ಧಿ ಕಳೆದುಕೊಂಡವರ ಮೆದುಳಿಗೂ ಇರುವ ವ್ಯತ್ಯಾಸವನ್ನು ಗುರುತಿಸುವುದರಲ್ಲಿ ಅವರು ಪರಿಣತರಾದರು. ಬುದ್ಧಿ ಮಂಕಾಗುವುದಕ್ಕೆ ಕಾರಣ ಒಂದೇ ಅಲ್ಲ ಎನ್ನುವುದು ಅವರಿಗೆ ಅನುಭವದಿಂದ ಗೊತ್ತಿತ್ತು.

ಇದೇ ಕಾಲದಲ್ಲಿ ಅವರ ಮದುವೆಯೂ ಆಯಿತು. ಹೆಂಡತಿ ಸಿಸಿಲಿಯೆ, ವಜ್ರದ ವ್ಯಾಪಾರಿಯೊಬ್ಬರ ವಿಧವೆ, ಶ್ರೀಮಂತೆ. ಮೂರು ಮಕ್ಕಳಾದವು. 1901ರ ಆರಂಭದಲ್ಲಿ ಸಿಸಿಲಿಯೆ ಕಾಯಿಲೆ ಬಿದ್ದು ತೀರಿಕೊಂಡರು. ಮಕ್ಕಳನ್ನು ನೋಡಿಕೊಳ್ಳಲು ಆಲ್ಝೈಮರ್ ಅವರ ತಂಗಿ ಎಲಿಜಬೆತ್ ಮನೆಗೆ ಬಂದು ನಿಂತರು. ಆಲ್ಝೈಮರ್ ಆಸ್ಪತ್ರೆಯ ಕೆಲಸದಲ್ಲಿ ಇನ್ನೂ ಹೆಚ್ಚು ಮುಳುಗಿದರು. ಅದೇ ವರ್ಷದ ನವೆಂಬರ್ 25ರಂದು ಔಗುಸ್ಟೆ ಡೇಟರ್ ಎಂಬ ಮಹಿಳೆ ಅಲ್ಲಿ ದಾಖಲಾದರು.

ಅಡುಗೆಮನೆಯಲ್ಲಿ ಮೊದಲು ಕಂಡದ್ದು

ಔಗುಸ್ಟೆಗೆ ಆಗ 51 ವರ್ಷ. ಗಂಡ ಕಾರ್ಲ್ ರೈಲ್ವೆಯಲ್ಲಿ ಗುಮಾಸ್ತ. ಒಬ್ಬಳು ಮಗಳು. ಮದುವೆಯಾಗಿ ಇಪ್ಪತ್ತೆಂಟು ವರ್ಷ ಸಂಸಾರ ಚೆನ್ನಾಗಿಯೇ ನಡೆದಿತ್ತು. ಆ ವರ್ಷದ ವಸಂತದಲ್ಲಿ ಇದ್ದಕ್ಕಿದ್ದಂತೆ ಗಂಡನ ಮೇಲೆ ಅನುಮಾನ ಶುರುವಾಯಿತು, ಪಕ್ಕದ ಮನೆಯ ಹೆಂಗಸಿನ ಜೊತೆ ಸಂಬಂಧವಿದೆ ಎಂದು. ಆಮೇಲೆ ಮರೆವು. ಅಡುಗೆಯಲ್ಲಿ ತಪ್ಪುಗಳು. ಮನೆಯ ಸಾಮಾನುಗಳನ್ನು ಎಲ್ಲೆಲ್ಲೋ ಬಚ್ಚಿಡುವುದು, ಹಣದ ಬಗ್ಗೆ ಎಚ್ಚರವಿಲ್ಲದಿರುವುದು, ಕಾರಣವಿಲ್ಲದೆ ಮನೆಯೊಳಗೆ ಅತ್ತಿಂದಿತ್ತ ಓಡಾಡುವುದು.

ಗಮನಿಸಿ: ಇದನ್ನೆಲ್ಲ ಮೊದಲು ಕಂಡವರು ವೈದ್ಯರಲ್ಲ, ಗಂಡ. ಆಸ್ಪತ್ರೆಯ ಪ್ರಶ್ನೆಗಳು ಬಂದಿದ್ದು ತಿಂಗಳುಗಳ ನಂತರ. ಇಂದಿಗೂ ಹಾಗೆಯೇ ಆಗುತ್ತದೆ. ಎಷ್ಟೋ ಮನೆಗಳಲ್ಲಿ ಮೊದಲ ಲಕ್ಷಣ ಕಾಣುವುದು ಎರಡು ಸಲ ಉಪ್ಪು ಬಿದ್ದ ಸಾರಿನಲ್ಲಿ, ಬೀರುವಿನ ಬದಲು ಅಕ್ಕಿ ಡಬ್ಬಿಯಲ್ಲಿ ಸಿಕ್ಕ ಪಿಂಚಣಿ ಹಣದಲ್ಲಿ, ಬಹಳ ವರ್ಷದ ಕೆಲಸದವಳ ಮೇಲೆ ಏಕಾಏಕಿ ಬಂದ ಕಳ್ಳತನದ ಅನುಮಾನದಲ್ಲಿ. ಅನುಮಾನ ಬಂದ ದಿನ ಮನೆಯಲ್ಲಿ ಜಗಳವಾಗುತ್ತದೆ. ಅದು ಕಾಯಿಲೆಯ ಗುರುತೂ ಇರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ.

ನವೆಂಬರ್ 26ರಂದು ಆಲ್ಝೈಮರ್ ಔಗುಸ್ಟೆಯ ಹಾಸಿಗೆಯ ಪಕ್ಕ ಕುಳಿತು ಪ್ರಶ್ನೆ ಕೇಳತೊಡಗಿದರು. ಹೆಸರು ಕೇಳಿದರು, ಔಗುಸ್ಟೆ ಎಂದರು. ಮನೆತನದ ಹೆಸರು ಕೇಳಿದಾಗಲೂ ಅದೇ ಉತ್ತರ. ಗಂಡನ ಹೆಸರು ಕೇಳಿದರೆ, ಅದೂ ಔಗುಸ್ಟೆ ಇರಬೇಕು ಎಂಬ ಉತ್ತರ. ಇಲ್ಲಿಗೆ ಬಂದು ಎಷ್ಟು ದಿನವಾಯಿತು ಎಂದರೆ ಮೂರು ವಾರ ಎಂದರು. ಬಂದದ್ದು ಹಿಂದಿನ ದಿನ. ಸೀಸದಕಡ್ಡಿ ತೋರಿಸಿದರೆ ಪೆನ್ನು ಎಂದರು. ಪರ್ಸು, ಕೀಲಿಕೈ, ಸಿಗಾರ್ ತೋರಿಸಿದಾಗ ಸರಿಯಾಗಿ ಹೇಳಿದರು. ಆದರೆ ಸ್ವಲ್ಪ ಹೊತ್ತಿನ ನಂತರ ಏನೇನು ತೋರಿಸಿದ್ದೆ ಎಂದು ಕೇಳಿದರೆ ಒಂದೂ ನೆನಪಿಲ್ಲ. ಮಧ್ಯಾಹ್ನ ತಟ್ಟೆಯಲ್ಲಿ ಹೂಕೋಸು, ಹಂದಿಮಾಂಸ ಇತ್ತು. ತಿನ್ನುತ್ತಿರುವುದೇನು ಎಂದು ಕೇಳಿದ್ದಕ್ಕೆ ಪಾಲಕ್ ಸೊಪ್ಪು ಎಂದರು.

ಹೆಸರು ಬರೆಯಲು ಹೇಳಿದರು. ಶ್ರೀಮತಿ ಎಂಬ ಅರ್ಥದ ಮೊದಲ ಪದ ಬರೆಯುವಷ್ಟರಲ್ಲಿ ಮುಂದಿನದು ಮರೆತುಹೋಯಿತು. ಒಂದೊಂದು ಪದವನ್ನೂ ಮತ್ತೆ ಮತ್ತೆ ಹೇಳಿಕೊಡಬೇಕಾಯಿತು. ಮುಂದಿನ ದಿನಗಳಲ್ಲಿ ಲೆಕ್ಕವನ್ನೂ ಕೇಳಿದರು. ಒಂದಕ್ಕೆ ಏಳರಂತೆ ಆರು ಮೊಟ್ಟೆ ಕೊಂಡರೆ ಒಟ್ಟು ಎಷ್ಟು ಎಂದರೆ, ಲೆಕ್ಕಕ್ಕೆ ಸಂಬಂಧವೇ ಇಲ್ಲದ ಮಾತು ಬಂತು. ಬೆರಳು ತೋರಿಸಿದಾಗ ಮೂರು ಎಂದು ಸರಿಯಾಗಿ ಎಣಿಸಿದರು. ಆಮೇಲೆ ಎಷ್ಟು ಬೆರಳು ತೋರಿಸಿದ್ದೆ ಎಂದು ಕೇಳಿದರೆ ಊರಿನ ಹೆಸರು ಹೇಳಿದರು, ಫ್ರಾಂಕ್‌ಫರ್ಟ್ ಎಂದು. ಅದು ಹಿಂದೆ ಎಂದೋ ಕೇಳಿದ್ದ ಬೇರೆ ಪ್ರಶ್ನೆಗೆ ಸರಿಯಾದ ಉತ್ತರವಾಗುತ್ತಿತ್ತು. ತಾನು ತನ್ನನ್ನೇ ಕಳೆದುಕೊಂಡಿದ್ದೇನೆ ಎಂಬ ಅರ್ಥದ ಮಾತನ್ನೂ ಔಗುಸ್ಟೆ ಆಗಾಗ ಆಡುತ್ತಿದ್ದರು. ತನಗೆ ಏನೋ ಆಗುತ್ತಿದೆ ಎಂಬ ಅರಿವು ಪೂರ್ತಿ ಹೋಗಿರಲಿಲ್ಲ ಎನ್ನುವುದು ಇದರಿಂದ ತಿಳಿಯುತ್ತದೆ. ಮರೆವಿನವರಿಗೆ ಏನೂ ತಿಳಿಯುವುದಿಲ್ಲ ಎಂದು ಅವರ ಎದುರಿಗೇ ಅವರ ಬಗ್ಗೆ ಮಾತನಾಡುವ ನಮ್ಮ ಅಭ್ಯಾಸದ ಬಗ್ಗೆ ಯೋಚಿಸಬೇಕಾದ ವಿಷಯ ಇದು.

ಇಂಥ ಪ್ರಶ್ನೆಗಳನ್ನು ಆ ಕಾಲದ ಬೇರೆ ವೈದ್ಯರೂ ಕೇಳುತ್ತಿದ್ದರು. ಆಲ್ಝೈಮರ್ ಅವರ ವಿಶೇಷ ಇರುವುದು ಬರೆದಿಟ್ಟುಕೊಂಡ ರೀತಿಯಲ್ಲಿ. ಕೇಳಿದ ಪ್ರಶ್ನೆ, ಬಂದ ಉತ್ತರ, ಉತ್ತರ ಕೊಡುವಾಗ ಮುಖದಲ್ಲಿ ಕಂಡ ಗೊಂದಲ, ಎಲ್ಲವನ್ನೂ ಸಾಲು ಸಾಲಾಗಿ ದಾಖಲಿಸಿದರು. ತಪ್ಪು ಉತ್ತರವನ್ನು ತಪ್ಪು ಎಂದಷ್ಟೇ ಗುರುತು ಹಾಕಿ ಬಿಡಲಿಲ್ಲ, ಯಾವ ತರಹದ ತಪ್ಪು ಎಂದು ನೋಡಿದರು. ವಸ್ತುವಿನ ಹೆಸರು ಗೊತ್ತು, ಆದರೆ ಅದನ್ನು ಕಂಡದ್ದೇ ಮರೆತುಹೋಗಿದೆ. ಕೈಗೆ ಬರೆಯಲು ಬರುತ್ತದೆ, ಏನು ಬರೆಯಬೇಕೆಂಬುದು ನಿಲ್ಲುತ್ತಿಲ್ಲ. ಓ ರಾಶಿಯಲ್ಲಿ ಸಿ ಹುಡುಕುವ ಆಟಕ್ಕೂ ಇದಕ್ಕೂ ಇರುವ ಅಂತರ ಇಲ್ಲಿದೆ.

ಐದು ವರ್ಷದ ನಂತರ ಬಂದ ಉತ್ತರ

ಇಷ್ಟೆಲ್ಲ ಕೇಳಿಯೂ ಆಲ್ಝೈಮರ್ ಅವರಿಗೆ ಕಾಯಿಲೆ ಯಾವುದೆಂದು ಹೇಳಲಾಗಲಿಲ್ಲ. ವಯಸ್ಸಾದವರಿಗೆ ಬರುವ ಮರೆವು ಆಗಲೂ ಎಲ್ಲರಿಗೂ ಗೊತ್ತಿತ್ತು, ಆದರೆ ಈಕೆಗೆ ಬರೀ 51. ಪರೀಕ್ಷೆ ಏನು ಕೆಟ್ಟಿದೆ ಎಂದು ತೋರಿಸಿತು, ಯಾಕೆ ಕೆಟ್ಟಿತು ಎಂದು ತೋರಿಸಲಿಲ್ಲ. ಈ ಮಾತು ಇವತ್ತಿನ ಪರೀಕ್ಷೆಗಳಿಗೂ ಹಾಗೇ ಅನ್ವಯಿಸುತ್ತದೆ.

ಆಲ್ಝೈಮರ್ ಫ್ರಾಂಕ್‌ಫರ್ಟ್ ಬಿಟ್ಟು ಹೈಡೆಲ್‌ಬರ್ಗ್ ಮೂಲಕ 1903ರಲ್ಲಿ ಮ್ಯೂನಿಕ್‌ಗೆ ಹೋದರು. ಕರೆದುಕೊಂಡು ಹೋದವರು ಆ ಕಾಲದ ದೊಡ್ಡ ಮನೋವೈದ್ಯ ಎಮಿಲ್ ಕ್ರೆಪೆಲಿನ್. ಮೊದಲು ಸಂಬಳವಿಲ್ಲದೆ ದುಡಿದರು. ಹೆಂಡತಿ ಬಿಟ್ಟುಹೋದ ಆಸ್ತಿ ಇದ್ದುದರಿಂದ ಅದು ಸಾಧ್ಯವಾಯಿತು. ಅವರ ಪ್ರಯೋಗಾಲಯಕ್ಕೆ ಬೇರೆ ಬೇರೆ ದೇಶಗಳಿಂದ ಕಲಿಯಲು ಬರುತ್ತಿದ್ದರು. ಅಮೆರಿಕದ ಮೊದಲ ಕಪ್ಪುವರ್ಣೀಯ ಮನೋವೈದ್ಯರೆಂದು ಹೆಸರಾದ ಸಾಲೊಮನ್ ಕಾರ್ಟರ್ ಫುಲ್ಲರ್ ಅಲ್ಲಿ ಕಲಿತವರು. ಲೂಯಿ ಬಾಡೀಸ್ ಎಂಬ ಹೆಸರಿನ ಮೂಲಕ ಇನ್ನೊಂದು ಬಗೆಯ ಡಿಮೆನ್ಷಿಯಾಗೆ ತಮ್ಮ ಹೆಸರು ಕೊಟ್ಟ ಫ್ರೆಡರಿಕ್ ಲೂಯಿ ಕೂಡ ಅಲ್ಲಿಯವರೇ. ಆಲ್ಝೈಮರ್ ಒಬ್ಬೊಬ್ಬ ವಿದ್ಯಾರ್ಥಿಯ ಸೂಕ್ಷ್ಮದರ್ಶಕದ ಬಳಿಯೂ ಕುಳಿತು ವಿವರಿಸುತ್ತಿದ್ದರು. ಎದ್ದು ಹೋಗುವಾಗ ಅರ್ಧ ಸೇದಿದ ಸಿಗಾರನ್ನು ಅಲ್ಲೇ ಮರೆತು ಬಿಡುತ್ತಿದ್ದರು, ಸಂಜೆಗೆ ಪ್ರತಿ ಮೇಜಿನ ಮೇಲೂ ಒಂದೊಂದು ತುಂಡು ಇರುತ್ತಿತ್ತು ಎಂಬ ಕಥೆ ಇದೆ. ಮರೆವಿನ ಕಾಯಿಲೆಯ ವೈದ್ಯರಿಗೇ ಮರೆವು ಎಂದು ನಗಬಹುದು. ಕೆಲಸದಲ್ಲಿ ಮನಸ್ಸು ಮುಳುಗಿದಾಗ ಬರುವ ಇಂಥ ಮರೆವು ಎಲ್ಲರಿಗೂ ಇರುವಂಥದ್ದು, ಅದಕ್ಕೆ ಹೆದರಬೇಕಾಗಿಲ್ಲ.

ಊರು ಬದಲಾದರೂ ಔಗುಸ್ಟೆಯ ಸ್ಥಿತಿ ಹೇಗಿದೆ ಎಂದು ಆಲ್ಝೈಮರ್ ಫ್ರಾಂಕ್‌ಫರ್ಟ್ ಆಸ್ಪತ್ರೆಯನ್ನು ವಿಚಾರಿಸುತ್ತಲೇ ಇದ್ದರು. ಆಕೆ ಹಾಸಿಗೆ ಹಿಡಿದು, ಮಾತು ನಿಂತು, 1906ರ ಏಪ್ರಿಲ್ 8ರಂದು ತೀರಿಕೊಂಡರು. ಸಿಯೋಲಿ ಆಕೆಯ ಮೆದುಳನ್ನೂ ಕಡತವನ್ನೂ ಮ್ಯೂನಿಕ್‌ಗೆ ಕಳಿಸಿದರು. ಬೆಳ್ಳಿಯ ಲವಣಗಳಿಂದ ಬಣ್ಣ ಬರಿಸುವ ಆಗಿನ ಹೊಸ ವಿಧಾನದಲ್ಲಿ ನೋಡಿದಾಗ ಎರಡು ಸಂಗತಿ ಕಂಡವು. ನರಕೋಶಗಳ ಹೊರಗೆ ಯಾವುದೋ ವಸ್ತು ಚುಕ್ಕೆ ಚುಕ್ಕೆಯಾಗಿ ಗಟ್ಟಿಕಟ್ಟಿತ್ತು. ಅದನ್ನು ಈಗ ಪ್ಲಾಕ್ ಎನ್ನುತ್ತಾರೆ, ಅಮಿಲಾಯ್ಡ್ ಎಂಬ ಪ್ರೋಟೀನ್‌ನಿಂದ ಆದದ್ದು. ಕೋಶಗಳ ಒಳಗೆ ದಾರದ ಸಿಕ್ಕಿನಂಥ ಗಂಟುಗಳಿದ್ದವು. ಅವು ಟೌ ಎಂಬ ಪ್ರೋಟೀನ್‌ನಿಂದಾದವು. ಮೆದುಳಿನ ಹೊರಪದರದ ಕೋಶಗಳಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಹೀಗೆ ಕೆಟ್ಟಿದ್ದವು. ಇಡೀ ಮೆದುಳು ಕುಗ್ಗಿತ್ತು.

1906ರ ನವೆಂಬರ್ 3ರಂದು ಟ್ಯೂಬಿಂಗನ್‌ನಲ್ಲಿ ಮನೋವೈದ್ಯರ ಸಮ್ಮೇಳನದಲ್ಲಿ ಇದನ್ನು ಮಂಡಿಸಿದರು. ಸಭೆಯಲ್ಲಿದ್ದವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮುಂದಿನ ಭಾಷಣಕ್ಕೆ ಹೋಗಿಬಿಟ್ಟರು. ಮರುವರ್ಷ ಅಚ್ಚಾದ ಲೇಖನವೂ ಬಹಳ ಚಿಕ್ಕದು.

ಹೆಸರು ಬಂದದ್ದು 1910ರಲ್ಲಿ. ಕ್ರೆಪೆಲಿನ್ ತಮ್ಮ ಪ್ರಸಿದ್ಧ ಪಠ್ಯಪುಸ್ತಕದ ಹೊಸ ಆವೃತ್ತಿಯಲ್ಲಿ ಇದಕ್ಕೆ ಆಲ್ಝೈಮರ್ ಕಾಯಿಲೆ ಎಂದು ಕರೆದರು. ಹೆಸರು ಇನ್ನೊಬ್ಬರಿಗೂ ಸಲ್ಲಬಹುದಿತ್ತು. ಪ್ರಾಗ್ ನಗರದಲ್ಲಿ ಆಸ್ಕರ್ ಫಿಷರ್ ಎಂಬ ವೈದ್ಯರು ಅದೇ 1907ರಲ್ಲಿ ಹನ್ನೆರಡು ರೋಗಿಗಳ ಮೆದುಳಿನಲ್ಲಿ ಇಂಥ ಚುಕ್ಕೆಗಳನ್ನು ವಿವರಿಸಿದ್ದರು, ಅದೂ ವಯಸ್ಸಾದವರಲ್ಲಿ. ಮ್ಯೂನಿಕ್ ಮತ್ತು ಪ್ರಾಗ್ ಪ್ರಯೋಗಾಲಯಗಳ ಪೈಪೋಟಿಯೂ ಹೆಸರಿಡುವ ಆತುರಕ್ಕೆ ಕಾರಣವಿರಬಹುದು ಎಂಬ ಅನುಮಾನ ಇತಿಹಾಸಕಾರರಲ್ಲಿದೆ. ಯಹೂದಿಯಾಗಿದ್ದ ಫಿಷರ್ 1942ರಲ್ಲಿ ನಾಜಿಗಳ ಸೆರೆಯಲ್ಲಿ ತೀರಿಕೊಂಡರು. ದಶಕಗಳ ಕಾಲ ಅವರನ್ನು ಯಾರೂ ನೆನೆಯಲಿಲ್ಲ.

ಸ್ವತಃ ಆಲ್ಝೈಮರ್ ಅವರಿಗೂ ಇದು ಬೇರೆಯದೇ ಕಾಯಿಲೆಯೋ ಅಥವಾ ಮುಪ್ಪಿನ ಮರೆವೇ ಬೇಗ ಬಂದದ್ದೋ ಎಂಬ ಬಗ್ಗೆ ಖಚಿತವಿರಲಿಲ್ಲ. 1911ರ ಲೇಖನದಲ್ಲಿ ಆ ಸಂದೇಹವನ್ನು ಅವರೇ ಚರ್ಚಿಸಿದ್ದಾರೆ. 1912ರಲ್ಲಿ ಬ್ರೆಸ್ಲಾವ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಹುದ್ದೆ ಸಿಕ್ಕಿತು. ಆ ಊರು ಈಗ ಪೋಲೆಂಡಿನಲ್ಲಿದೆ, ಹೆಸರು ವ್ರೊತ್ಸ್ವಾಫ್. ಅಲ್ಲಿಗೆ ಹೋಗುವ ರೈಲು ಪ್ರಯಾಣದಲ್ಲೇ ಜ್ವರ ಹಿಡಿಯಿತು. ಸೋಂಕು ಹೃದಯಕ್ಕೆ ಪೆಟ್ಟು ಕೊಟ್ಟಿತು, ಮತ್ತೆ ಪೂರ್ತಿ ಚೇತರಿಸಿಕೊಳ್ಳಲಿಲ್ಲ. 1915ರ ಡಿಸೆಂಬರ್ 19ರಂದು ತೀರಿಕೊಂಡಾಗ ಅವರಿಗೆ 51 ವರ್ಷ. ಫ್ರಾಂಕ್‌ಫರ್ಟ್‌ನಲ್ಲಿ ಹೆಂಡತಿಯ ಪಕ್ಕದಲ್ಲೇ ಸಮಾಧಿ ಮಾಡಿದರು.

ಅರವತ್ತರ ಅರಳು ಮರಳು ಎಂಬ ತಪ್ಪು

ಆಲ್ಝೈಮರ್ ಸತ್ತ ಮೇಲೆ ಐವತ್ತು ವರ್ಷ ಅವರ ಹೆಸರಿನ ಕಾಯಿಲೆಯನ್ನು ನಡುವಯಸ್ಸಿನವರಿಗೆ ಬರುವ ಅಪರೂಪದ ರೋಗ ಎಂದೇ ವೈದ್ಯರು ತಿಳಿದಿದ್ದರು. ಎಪ್ಪತ್ತು ದಾಟಿದವರ ಮರೆವು ವಯೋಸಹಜ ಎಂದು ಬಿಟ್ಟುಬಿಡುತ್ತಿದ್ದರು. ನಮ್ಮಲ್ಲೂ ಅರವತ್ತಕ್ಕೆ ಅರಳು ಮರಳು ಎಂಬ ಮಾತಿದೆಯಲ್ಲ, ಅಲ್ಲಿನ ವೈದ್ಯರೂ ಹೆಚ್ಚುಕಡಿಮೆ ಅದನ್ನೇ ನಂಬಿದ್ದರು.

ಇದನ್ನು ಅಲುಗಾಡಿಸಿದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಗ್ಯಾರಿ ಬ್ಲೆಸ್ಡ್, ಬರ್ನಾರ್ಡ್ ಟಾಮ್ಲಿನ್ಸನ್, ಮಾರ್ಟಿನ್ ರಾತ್ ಎಂಬ ಮೂವರು. ವಯಸ್ಸಾದ ರೋಗಿಗಳು ಬದುಕಿದ್ದಾಗ ದಿನಾಂಕ, ಊರು, ನೆನಪಿನ ಪ್ರಶ್ನೆ ಕೇಳಿ ಅಂಕ ಕೊಟ್ಟರು. ದಿನನಿತ್ಯದ ಕೆಲಸ ಎಷ್ಟು ಮಾಡುತ್ತಾರೆಂದು ಮನೆಯವರನ್ನು ಕೇಳಿ ಅದಕ್ಕೂ ಅಂಕ ಕೊಟ್ಟರು. ತೀರಿಕೊಂಡ ಮೇಲೆ ಮೆದುಳಿನಲ್ಲಿ ಪ್ಲಾಕ್‌ಗಳನ್ನು ಎಣಿಸಿದರು. 1968ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಎರಡೂ ಹೊಂದಿಕೊಂಡವು: ಹೆಚ್ಚು ಪ್ಲಾಕ್ ಇದ್ದವರ ಸ್ಥಿತಿ ಹೆಚ್ಚು ಕೆಟ್ಟಿತ್ತು. ಆಲ್ಝೈಮರ್ ಒಬ್ಬ ರೋಗಿಯಲ್ಲಿ ಹಗಲಿನ ಪ್ರಶ್ನೆಗೂ ರಾತ್ರಿಯ ಸೂಕ್ಷ್ಮದರ್ಶಕಕ್ಕೂ ಹಾಕಿದ್ದ ಗಂಟನ್ನು ಇವರು ಅನೇಕರಲ್ಲಿ ಹಾಕಿ ತೋರಿಸಿದರು. ಮುಪ್ಪಿನ ಮರೆಗುಳಿತನದ ಬಹುಪಾಲು ಅದೇ ಕಾಯಿಲೆ ಎಂಬ ತಿಳಿವಳಿಕೆ ಇದರ ನಂತರ ಬೇರೂರಿತು.

ಪ್ರಶ್ನೆಗಳಿಗೂ ಒಂದು ಅಳತೆ ಬಂತು. 1975ರಲ್ಲಿ ಅಮೆರಿಕದಲ್ಲಿ ರೂಪಿಸಿದ ಎಂಎಂಎಸ್‌ಇ ಎಂಬ ಪರೀಕ್ಷೆ 30 ಅಂಕದ್ದು, ಹತ್ತು ನಿಮಿಷದ್ದು. 2005ರಲ್ಲಿ ಕೆನಡಾದ ಮಾಂಟ್ರಿಯಲ್‌ನಿಂದ ಬಂದ ಮೋಕಾ ಕೂಡ 30 ಅಂಕದ್ದು, ಸ್ವಲ್ಪ ಕಷ್ಟದ್ದು. ಆರಂಭದ ಮಂಕನ್ನು ಹಿಡಿಯಲೆಂದೇ ಮಾಡಿದ್ದು. ಪ್ರಶ್ನೆಗಳನ್ನು ನೋಡಿದರೆ ಔಗುಸ್ಟೆಯ ಕಡತ ನೆನಪಾಗುತ್ತದೆ. ಇವತ್ತು ಯಾವ ವಾರ, ಈಗ ಎಲ್ಲಿದ್ದೀರಿ. ಈ ವಸ್ತುವಿನ ಹೆಸರೇನು. ಕೆಲವು ಪದ ಹೇಳುತ್ತೇನೆ, ಐದು ನಿಮಿಷ ಬಿಟ್ಟು ಮತ್ತೆ ಹೇಳಿ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ. ಗಡಿಯಾರದ ಚಿತ್ರ ಬರೆದು ಮುಳ್ಳುಗಳನ್ನು ಇಂಥ ಸಮಯಕ್ಕೆ ಇಡಿ. ನಡುವೆ ಬೇರೆ ಕೆಲಸ ಕೊಟ್ಟು ಆಮೇಲೆ ಪದಗಳನ್ನು ಕೇಳುವುದು ಇದರಲ್ಲಿ ಮುಖ್ಯ. ಹೊಸ ನೆನಪನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಎಂಬ ಭಾಗ ಸರಿಯಿದೆಯೇ ಎಂಬ ಸುಳಿವು ಅಲ್ಲಿ ಸಿಗುತ್ತದೆ.

ಅಂಕ ಕಡಿಮೆ ಬಂದರೆ ಆಲ್ಝೈಮರ್ ಎಂದು ತೀರ್ಮಾನವೇ? ಇಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ನಿದ್ರೆ ಮಾತ್ರೆ, ಕಿವುಡು, ಲಘು ಪಾರ್ಶ್ವವಾಯು, ಇವೆಲ್ಲವೂ ಅಂಕ ಇಳಿಸುತ್ತವೆ. ಇವುಗಳಲ್ಲಿ ಕೆಲವಕ್ಕೆ ಚಿಕಿತ್ಸೆ ಕೊಟ್ಟರೆ ನೆನಪು ಸುಧಾರಿಸಲೂಬಹುದು. ಮರೆವನ್ನು ವಯಸ್ಸಿನ ಮೇಲೆ ಹಾಕಿ ಮನೆಯಲ್ಲೇ ಕೂರಿಸಿದರೆ ಕಳೆದುಕೊಳ್ಳುವುದು ಇದನ್ನೇ. ಅದಕ್ಕೇ ಅಂಕ ಕಡಿಮೆ ಬಂದವರಿಗೆ ರಕ್ತಪರೀಕ್ಷೆ, ಮೆದುಳಿನ ಸ್ಕ್ಯಾನ್, ಮನೆಯವರ ಜೊತೆ ಮಾತು, ಆರು ತಿಂಗಳು ಅಥವಾ ವರ್ಷ ಬಿಟ್ಟು ಮತ್ತೆ ಅದೇ ಬಗೆಯ ಪರೀಕ್ಷೆ ನಡೆಯುತ್ತದೆ. ಒಂದು ದಿನದ ಅಂಕಕ್ಕಿಂತ ವರ್ಷದಿಂದ ವರ್ಷಕ್ಕೆ ಅದು ಇಳಿಯುತ್ತಿದೆಯೇ ಎನ್ನುವುದೇ ಹೆಚ್ಚು ಹೇಳುತ್ತದೆ.

ಅಂಕ ಚೆನ್ನಾಗಿ ಬಂದರೂ ಪೂರ್ತಿ ನಿಶ್ಚಿಂತೆಯಿಲ್ಲ. ಜೀವನವಿಡೀ ಪಾಠ ಹೇಳಿದ ನಿವೃತ್ತ ಮೇಷ್ಟರು ಆರಂಭದ ಹಂತದಲ್ಲಿ 30ಕ್ಕೆ 28 ತೆಗೆದುಬಿಡಬಹುದು. ಶಾಲೆಗೇ ಹೋಗದ, ಆದರೆ ಹೊಲದ ಲೆಕ್ಕ, ಹಾಲಿನ ಲೆಕ್ಕ, ನೆಂಟರ ಮದುವೆಯ ಲೆಕ್ಕ ಎಲ್ಲವೂ ಬಾಯಲ್ಲಿರುವ ಅಜ್ಜಿಗೆ ಕಾಗದದ ಮೇಲೆ ಗಡಿಯಾರ ಬರೆಯಲು ಹೇಳಿದರೆ ಸೊನ್ನೆ ಬರಬಹುದು. ಆಕೆಗೆ ಬಾರದಿರುವುದು ಪೆನ್ಸಿಲ್ ಹಿಡಿಯುವುದು.

ಈ ತೊಡಕನ್ನು ನಮ್ಮ ದೇಶದ ಸಂಶೋಧಕರು ಗಂಭೀರವಾಗಿಯೇ ತೆಗೆದುಕೊಂಡಿದ್ದಾರೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ 1990ರ ದಶಕದಲ್ಲಿ ಎಂಎಂಎಸ್‌ಇಯನ್ನು ಹಿಂದಿಗೆ ಹೊಂದಿಸಿದಾಗ, ಓದಿ ಮಾಡಬೇಕಾದ ಪ್ರಶ್ನೆಯನ್ನು ಬದಲಿಸಿ, ಪರೀಕ್ಷಿಸುವವರು ಕಣ್ಣು ಮುಚ್ಚಿ ತೋರಿಸಿ ಹಾಗೇ ಮಾಡಲು ಹೇಳುವಂತೆ ಮಾಡಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಸಿದ್ಧಪಡಿಸಿದ ಪರೀಕ್ಷೆಗಳ ಕಟ್ಟು ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಜೊತೆಗೆ ಕನ್ನಡದಲ್ಲೂ ಇದೆ. ಇದು ಬರೀ ಅನುವಾದದ ಕೆಲಸವಲ್ಲ. ಇಂಗ್ಲಿಷಿನಲ್ಲಿ ಎಫ್ ಅಕ್ಷರದಿಂದ ಶುರುವಾಗುವ ಪದ ಹೇಳಿ ಎಂಬ ಪ್ರಶ್ನೆಗೆ ಕನ್ನಡದಲ್ಲಿ ಯಾವ ಅಕ್ಷರ ಇಡಬೇಕು, ಕಾಡುಪ್ರಾಣಿಯ ಚಿತ್ರ ಇಡುವುದಾದರೆ ಇಲ್ಲಿನ ಹಿರಿಯರು ಕಂಡಿರುವ ಪ್ರಾಣಿ ಯಾವುದು, ಇಂಥದ್ದನ್ನೆಲ್ಲ ಮೊದಲು ಆರೋಗ್ಯವಂತರ ಮೇಲೆ ಪ್ರಯೋಗಿಸಿ ನೋಡಬೇಕಾಗುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ 60 ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಆ ಲೆಕ್ಕವನ್ನೇ ತಿರುಗಿಸಿ ನೋಡಿದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹಿರಿಯರಿಗೆ ಇಲ್ಲ. ಅರಳು ಮರಳು ವಯಸ್ಸಿನ ಜೊತೆ ಬರಲೇಬೇಕಾದದ್ದಾಗಿದ್ದರೆ ಈ ಲೆಕ್ಕ ಹೀಗಿರುತ್ತಿರಲಿಲ್ಲ.

ಔಗುಸ್ಟೆಯ ಕಡತ ಬಹಳ ಕಾಲ ಕಳೆದುಹೋಗಿತ್ತು. 1995ರ ಡಿಸೆಂಬರ್‌ನಲ್ಲಿ ಫ್ರಾಂಕ್‌ಫರ್ಟ್‌ನ ಮನೋವೈದ್ಯ ಕೊನ್ರಾಡ್ ಮೌರರ್ ಮತ್ತು ಸಂಗಡಿಗರು ಆಸ್ಪತ್ರೆಯ ದಾಖಲೆಗಳ ನಡುವೆ ಅದನ್ನು ಪತ್ತೆಹಚ್ಚಿದರು. ಒಳಗೆ 32 ಹಾಳೆಗಳು, ಆಲ್ಝೈಮರ್ ಅವರ ಕೈಬರಹ, ಜೊತೆಗೆ ಔಗುಸ್ಟೆ ತಮ್ಮ ಹೆಸರು ಬರೆಯಲು ಪ್ರಯತ್ನಿಸಿದ ಹಾಳೆ. ಇಲ್ಲಿ ಹೇಳಿದ ಪ್ರಶ್ನೋತ್ತರಗಳು ಲೋಕಕ್ಕೆ ಗೊತ್ತಾಗಿರುವುದು ಆ ಕಡತದಿಂದಲೇ.

ನಿಮ್ಮ ಮನೆಯ ಹಿರಿಯರ ಬಗ್ಗೆ ಅನುಮಾನ ಬಂದಿದ್ದರೆ ಮೋಕಾ ಪ್ರಶ್ನೆಗಳನ್ನು ಇಂಟರ್ನೆಟ್‌ನಿಂದ ಇಳಿಸಿಕೊಂಡು ನೀವೇ ಕೇಳಲು ಹೋಗಬೇಡಿ. ಒಮ್ಮೆ ಅಭ್ಯಾಸವಾದರೆ ಆಮೇಲೆ ವೈದ್ಯರು ಕೇಳಿದಾಗ ಬರುವ ಅಂಕ ನಂಬುವ ಹಾಗಿರುವುದಿಲ್ಲ. ಎಲ್ಲರೆದುರು ಪರೀಕ್ಷೆ ಮಾಡಿಸಿಕೊಂಡ ಅವಮಾನ ಬೇರೆ. ಅದರ ಬದಲು ಕಾರ್ಲ್ ಡೇಟರ್ ಕಂಡಂಥ ಸಂಗತಿಗಳನ್ನು ಒಂದು ನೋಟ್‌ಬುಕ್‌ನಲ್ಲಿ ತಾರೀಖಿನ ಸಮೇತ ಬರೆದಿಡಿ: ಅದೇ ಪ್ರಶ್ನೆ ಗಂಟೆಯಲ್ಲಿ ಎಷ್ಟು ಸಲ ಕೇಳಿದರು, ಗೊತ್ತಿರುವ ದಾರಿಯಲ್ಲಿ ಯಾವತ್ತು ತಪ್ಪಿಸಿಕೊಂಡರು, ಬರುತ್ತಿದ್ದ ಅಡುಗೆಯಲ್ಲಿ ಎಲ್ಲಿ ತಡವರಿಸಿದರು. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು ಫೋನಿನಲ್ಲಷ್ಟೇ ಮಾತನಾಡುವವರು ಊರಿನಲ್ಲಿ ಜೊತೆಗಿರುವವರನ್ನೂ ವಿಚಾರಿಸಿ. ಊಟ ಆಯ್ತಾ, ಚೆನ್ನಾಗಿದ್ದೀರಾ ಎಂಬ ಮಾತುಗಳಿಗೆ ಮರೆವಿದ್ದವರೂ ಸರಾಗವಾಗಿ ಉತ್ತರ ಕೊಡುತ್ತಾರೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಿಮೆನ್ಷಿಯಾ ತಪಾಸಣೆಯಿದೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಯೋಜನೆಯಡಿ ಜಿಲ್ಲಾ ಆಸ್ಪತ್ರೆಗಳಲ್ಲೂ ಇದಕ್ಕಾಗಿ ಕ್ಲಿನಿಕ್‌ಗಳನ್ನು ತೆರೆಯಲಾಗಿದೆ. ಹೋಗುವಾಗ ಆ ನೋಟ್‌ಬುಕ್, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ, ಕನ್ನಡಕ ತೆಗೆದುಕೊಳ್ಳಿ. ಕಿವಿಗೆ ಮಷಿನ್ ಹಾಕುವವರಾದರೆ ಅದನ್ನು ಹಾಕಿಸಿಯೇ ಕರೆದುಕೊಂಡು ಹೋಗಿ. ಪ್ರಶ್ನೆ ಕೇಳಿಸದೆ ಕೊಟ್ಟ ತಪ್ಪು ಉತ್ತರ ಮರೆವಿನ ಲೆಕ್ಕಕ್ಕೆ ಸೇರಬಾರದು.